ಚಂದ್ರನ ಮೇಲೆ ದೂರು, ಅಣೆಕಟ್ಟಿಗೆ ಮಾಫಿ

ಈಚೆಗೆ ಒಂದು ಮದುವೆಯ ಮನೆಯಲ್ಲಿ ನನಗೆ ಇಬ್ಬರು ಹಿರಿಯರ ನಡುವೆ ಎಲೆ ಸಿಕ್ಕಿತು. ಎಡಗಡೆ, ಪಂಚಾಂಗವನ್ನು ಬಾಯಿಪಾಠ ಮಾಡಿಕೊಂಡ ರಾಯರು. ಬಲಗಡೆ, ನೀರಾವರಿ ಕೆಲಸದಲ್ಲಿ ತಲೆ ನರೆಸಿಕೊಂಡು ನಿವೃತ್ತರಾದ ಇಂಜಿನಿಯರರು. ಹಿಂದಿನ ದಿನ ವಿಜಯಪುರದ ಕಡೆ ನೆಲ ಸಣ್ಣಗೆ ನಡುಗಿತೆಂದು ಸುದ್ದಿ ಬಂದಿತ್ತು. ಕೋಸಂಬರಿ ಬಡಿಸುವಾಗ ಮೊದಲಾದ ಮಾತು ಹೋಳಿಗೆಯ ಹೊತ್ತಿಗೆ ಕಾವೇರಿತು. "ಮೊನ್ನೆಯಷ್ಟೆ ಹುಣ್ಣಿಮೆ ಹೋಯಿತಲ್ಲ ಸ್ವಾಮಿ! ಸಮುದ್ರವನ್ನೇ ಎತ್ತಿ ಇಳಿಸುವ ಚಂದ್ರ ನೆಲವನ್ನು ಸುಮ್ಮನೆ ಬಿಡುತ್ತಾನೆಯೆ?" ಎಂದರು ರಾಯರು. ಇಂಜಿನಿಯರರು ನಕ್ಕು, "ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೆ" ಎಂದರು. ನಾನು ಸುಮ್ಮನಿರಬಹುದಿತ್ತು. "ಹಾಗಾದರೆ ಕೊಯ್ನಾದಲ್ಲಿ ಅಣೆಕಟ್ಟಿನ ನೀರಿನಿಂದ ಭೂಕಂಪವಾಯಿತೆನ್ನುತ್ತಾರಲ್ಲ ಸಾರ್, ಅದೂ ಕಾಗೆಯ ಕಥೆಯೇ?" ಎಂದು ಕೇಳಿಬಿಟ್ಟೆ. ಅವರ ನಗು ನಿಂತಿತು. "ನೀರಿನಿಂದ ಆಗಲಿಲ್ಲಪ್ಪ. ಭೂಮಿಯೊಳಗೆ ಎಲ್ಲ ಮೊದಲೇ ಸಿದ್ಧವಾಗಿತ್ತು. ನೀರು ನಿಮಿತ್ತ ಮಾತ್ರ. ಇಂದಲ್ಲದಿದ್ದರೆ ನಾಳೆ ಆಗಿಯೇ ತೀರುತ್ತಿತ್ತು." 'ನಿಮಿತ್ತ ಮಾತ್ರ' ಎಂಬ ಮಾತು ರಾಯರಿಗೆ ಬಹಳ ಹಿಡಿಸಿತು. "ಹಾಗೆನ್ನಿ ಮತ್ತೆ! ನಾವೆಲ್ಲ ನಿಮಿತ್ತವೇ" ಎಂದು ಅವರು ಒಪ್ಪಿದರು. ಮಜ್ಜಿಗೆ ಬರುವುದರೊಳಗೆ ಇಬ್ಬರಿಗೂ ರಾಜಿಯಾಗಿಹೋಯಿತು. ಯಾರ ತಪ್ಪೂ ಇಲ್ಲವೆಂದು ಗೊತ್ತಾದ ಮೇಲೆ ಊಟ ಸುಖವಾಗಿ ಮುಗಿಯಿತು.

ಹಿರಿಯರೆದುರು ಊಟದ ಪಂಕ್ತಿಯಲ್ಲಿ ವಾದ ಬೆಳೆಸಬಾರದೆಂದು ನಾನು ಬಾಯಿ ತೆರೆಯಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸಿಕೊಳ್ಳುತ್ತಿದ್ದೇನೆ.

ಮೊದಲು ಚಂದ್ರನ ವಿಚಾರ. ರಾಯರ ಮಾತಿನಲ್ಲಿ ಹುರುಳೇ ಇಲ್ಲವೆಂದು ಹೇಳಿದರೆ ನಾನೇ ಸುಳ್ಳನಾಗುತ್ತೇನೆ. ಸೂರ್ಯ ಚಂದ್ರರ ಸೆಳೆತಕ್ಕೆ ಕಡಲು ಮಾತ್ರವಲ್ಲ, ನಾವು ನಿಂತ ಗಟ್ಟಿನೆಲವೂ ದಿನಕ್ಕೆರಡು ಸಲ ಉಬ್ಬಿ ಇಳಿಯುತ್ತದೆ. ಒಂದು ಅಡಿಯ ಆಸುಪಾಸಿನ ಈ ಏರಿಳಿತ ನಮಗೆ ತಿಳಿಯದಿರುವುದು ಮನೆ, ಮರ, ಊರು, ನಾವು ಎಲ್ಲರೂ ಜೊತೆಗೇ ಏರಿ ಜೊತೆಗೇ ಇಳಿಯುವುದರಿಂದ. ಕಡಲಂಚಿನಲ್ಲಿ ಇದರ ಜೊತೆಗೆ ಉಬ್ಬರದ ನೀರಿನ ಭಾರವೂ ಕೂಡುತ್ತದೆ. ಉಬ್ಬರವಿಳಿತಗಳು ದೊಡ್ಡದಾಗಿರುವ ಕಡೆ, ಹೆಚ್ಚು ಆಳವಿಲ್ಲದ ಕೆಲವು ಬಗೆಯ ಸ್ತರಭಂಗಗಳಲ್ಲಿ, ಅಂದರೆ ಬಂಡೆಯ ಎರಡು ಹೋಳುಗಳು ಒಂದರ ಮೇಲೊಂದು ಜಾರಲು ಹವಣಿಸುವ ಬಿರುಕುಗಳಲ್ಲಿ, ಕಂಪನಗಳು ಉಬ್ಬರವಿಳಿತದ ಲಯವನ್ನು ಅನುಸರಿಸುತ್ತವೆಂದು 2004ರಲ್ಲಿ ತಜ್ಞರು ತೋರಿಸಿದರು. ಇನ್ನೂ ಸೊಗಸಾದ ನಿದರ್ಶನ ಪೆಸಿಫಿಕ್ ಸಾಗರದಡಿಯ ಆಕ್ಸಿಯಲ್ ಎಂಬ ಜ್ವಾಲಾಮುಖಿ. ಅಮೆರಿಕದ ಆರೆಗಾನ್ ತೀರದಾಚೆ, ತಲೆಯ ಮೇಲೆ ಸುಮಾರು 1400 ಮೀಟರ್ ನೀರು ಹೊತ್ತುಕೊಂಡು ಅದು ಕುಳಿತಿದೆ. 2015ರಲ್ಲಿ ಒಮ್ಮೆ ಕಾರಿಕೊಂಡಿತು. ಅಲ್ಲಿ ಸಣ್ಣ ಕಂಪನಗಳು ಹೆಚ್ಚುವುದು ಕಡಲು ಉಬ್ಬಿದಾಗಲ್ಲ, ಇಳಿದಾಗ. ಮೇಲಿನ ಹೊರೆ ಕೆಲವೇ ಮೀಟರಿನಷ್ಟು ಹಗುರವಾದರೆ ಸಾಕು, ಕೆಳಗಿನ ಬಂಡೆ ಮೈಮುರಿಯುತ್ತದೆ. ಚಂದ್ರ ಎತ್ತುವುದರಿಂದಲೇ ಎಲ್ಲ ಆಗುತ್ತದೆಂದು ತಿಳಿದವರು ಇದನ್ನು ಗಮನಿಸಬೇಕು.

ಆದರೆ ಎಷ್ಟು ಬಲ ಎಂಬ ಪ್ರಶ್ನೆಯಿದೆ. ಚಂದ್ರನ ಸೆಳೆತ ಬಂಡೆಯ ಮೇಲೆ ಹೇರುವ ಒತ್ತಡ, ನಮ್ಮ ತಲೆಯ ಮೇಲೆ ಸದಾ ಇರುವ ಗಾಳಿಯ ಒತ್ತಡದ ನೂರರಲ್ಲಿ ಕೆಲವೇ ಪಾಲು. ಭೂಕಂಪವಾದಾಗ ಬಿರುಕಿನಲ್ಲಿ ಬಿಡುಗಡೆಯಾಗುವ ಬಿಗಿತ ಅದೇ ಗಾಳಿಯ ಒತ್ತಡದ ಹತ್ತರಿಂದ ನೂರು ಪಟ್ಟು. ಸಾವಿರ ರೂಪಾಯಿಯ ಸಾಲಕ್ಕೆ ಒಂದು ರೂಪಾಯಿ ಕೂಡಿಸಿದಂತೆ. ಸಾವಿರಕ್ಕೆ ಒಂದೇ ರೂಪಾಯಿ ಕಡಿಮೆಯಿದ್ದವನಿಗೆ ಆ ಒಂದು ರೂಪಾಯಿ ದೊಡ್ಡದು, ಉಳಿದವರಿಗೆ ಲೆಕ್ಕಕ್ಕಿಲ್ಲ. ಉಬ್ಬರದ ಸೆಳೆತ ಹೆಚ್ಚಾಗಿರುವ ದಿನಗಳಲ್ಲಿ ಕಂಪನವೊಂದು ಮೊದಲಾದರೆ ಅದು ತೀರ ದೊಡ್ಡದಾಗಿ ಬೆಳೆಯುವ ಸಂಭವ ಕೊಂಚ ಹೆಚ್ಚೆಂದು 2016ರಲ್ಲಿ ಟೋಕಿಯೋದ ಸಂಶೋಧಕರು ಹೇಳಿದರು. ಎರಡು ವರ್ಷದ ಮೇಲೆ ಅಮೆರಿಕದ ಭೂಗರ್ಭ ಸರ್ವೇಕ್ಷಣೆಯ ಸೂಸನ್ ಹಾಫ್ ಎಂಬ ವಿದುಷಿ ಒಂದು ಪ್ರಬಂಧ ಪ್ರಕಟಿಸಿದರು. ಅದರ ಶೀರ್ಷಿಕೆಯೇ ಒಂದು ಪ್ರಶ್ನೆ: 8 ಮತ್ತು ಅದಕ್ಕೂ ಮೇಲಿನ ಪ್ರಮಾಣದ ಭೂಕಂಪಗಳು ವರ್ಷದ ಇಂಥ ದಿನಗಳಲ್ಲಿ ಅಥವಾ ಚಂದ್ರನ ಇಂಥ ಕಲೆಯಲ್ಲಿ ಹೆಚ್ಚಾಗಿ ಆಗುತ್ತವೆಯೆ? ಪ್ರಬಂಧದ ಸಾರಾಂಶ ಒಂದೇ ಒಂದು ಪದ: ಇಲ್ಲ. ನಮ್ಮ ಲೇಖಕರಲ್ಲಿ ಅನೇಕರು ಈ ಸಂಕ್ಷೇಪವನ್ನು ಅಭ್ಯಾಸ ಮಾಡಬಹುದು. ಈ ಲೇಖಕನನ್ನೂ ಸೇರಿಸಿಕೊಂಡು ಹೇಳುತ್ತಿದ್ದೇನೆ.

ಪಂಡಿತರು ಶತಮಾನಗಳ ದಾಖಲೆಯನ್ನು ಜಾಲಾಡಿದರೂ ಕಂಡಿತೋ ಇಲ್ಲವೋ ಎನ್ನುವಷ್ಟು ಸೂಕ್ಷ್ಮವಾದ ಈ ಸಂಬಂಧವನ್ನು ಬೆಳಗಿನ ಟೆಲಿವಿಷನ್ನಿನ ಜ್ಯೋತಿಷಿಗಳು ಎಲೆಯಡಿಕೆ ಹಾಕಿಕೊಂಡಷ್ಟು ಸಲೀಸಾಗಿ ಹೇಳುತ್ತಾರೆ. ಅವರ ಯಶಸ್ಸಿನ ಗುಟ್ಟು ಶಾಲೆಯ ಹುಡುಗನಿಗೂ ತಿಳಿಯುವ ಲೆಕ್ಕ. ವರ್ಷಕ್ಕೆ ಹುಣ್ಣಿಮೆ ಅಮಾವಾಸ್ಯೆಗಳು ಕೂಡಿ ಇಪ್ಪತ್ತನಾಲ್ಕೋ ಇಪ್ಪತ್ತೈದೋ. "ಹುಣ್ಣಿಮೆಯ ಹಿಂದು ಮುಂದೆ ಎರಡು ದಿನ" ಎಂಬ ರಿಯಾಯಿತಿಯನ್ನು ಅವರು ಯಾವಾಗಲೂ ಇಟ್ಟುಕೊಂಡಿರುತ್ತಾರೆ. ಅಲ್ಲಿಗೆ ಪ್ರತಿಯೊಂದಕ್ಕೂ ಐದು ದಿನ. ಒಟ್ಟು ಸುಮಾರು 125 ದಿನ. ವರ್ಷದ ಮೂರನೆಯ ಒಂದು ಪಾಲನ್ನು ಹೀಗೆ ಬೇಲಿ ಹಾಕಿ ಕಾಯ್ದಿರಿಸಿದ ಮೇಲೆ, ಮೂರು ಭೂಕಂಪಗಳಲ್ಲಿ ಒಂದು ತಾನಾಗಿಯೇ ಬೇಲಿಯೊಳಗೆ ಬೀಳುತ್ತದೆ. 5ಕ್ಕೂ ಮೇಲ್ಪಟ್ಟ ಪ್ರಮಾಣದ ಕಂಪನಗಳು ಜಗತ್ತಿನಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು. ಯಾವ ಹುಣ್ಣಿಮೆಯೂ ಬರಿಗೈಯಲ್ಲಿ ಹೋಗುವುದಿಲ್ಲ. 1993ರ ಸೆಪ್ಟೆಂಬರ್ 30ರ ಮುಂಜಾವಿನಲ್ಲಿ ಗಣಪತಿಯನ್ನು ಬಿಟ್ಟು ಬಂದು ಮಲಗಿದ್ದ ಕಿಲ್ಲಾರಿಯ ಸೀಮೆ ಮಣ್ಣುಗೂಡಿದಾಗ ಹುಣ್ಣಿಮೆ. 2004ರ ಡಿಸೆಂಬರ್ 26ರಂದು ಸುಮಾತ್ರದ ಕಡಲು ಎದ್ದುಬಂದಾಗಲೂ ಹುಣ್ಣಿಮೆ. ಇವೆರಡನ್ನೂ ಜ್ಯೋತಿಷಿಗಳು ಮರೆಯುವುದಿಲ್ಲ. 2015ರ ಏಪ್ರಿಲ್ 25ರಂದು ನೇಪಾಳ ಕುಸಿದಾಗ ಆಕಾಶದಲ್ಲಿ ಇದ್ದದ್ದು ಅರ್ಧಚಂದ್ರ. 1967ರ ಡಿಸೆಂಬರ್ 11ರಂದು ಕೊಯ್ನಾ ನಡುಗಿದಾಗ ಹುಣ್ಣಿಮೆಗೆ ಇನ್ನೂ ಐದಾರು ದಿನವಿತ್ತು. ಇವನ್ನು ಅವರು ನೆನೆಯುವುದಿಲ್ಲ.

ಇದು ಬರಿಯ ಹುಸಿನಂಬಿಕೆಯಾಗಿದ್ದರೆ ನಕ್ಕು ಬಿಡಬಹುದಿತ್ತು. ನನ್ನ ತಕರಾರು ಬೇರೆ. ಚಂದ್ರನನ್ನು ಯಾರೂ ತಡೆಯಲಾರರು, ಅವನಿಗೆ ನೋಟೀಸು ಕೊಡಲಾರರು, ವಿಧಾನಸಭೆಯಲ್ಲಿ ಅವನನ್ನು ಪ್ರಶ್ನಿಸಲಾರರು. ಉತ್ತರ ಕೊಡಬೇಕಾದವರಿಗೆ ಇದಕ್ಕಿಂತ ಅನುಕೂಲವಾದ ಆಪಾದಿತ ಬೇರೆ ಯಾರಿದ್ದಾನೆ?

ಚಂದ್ರನಿಂದ ಹಿಮಕ್ಕೆ ಬರೋಣ. ಇಲ್ಲಿ ವಿಷಯ ಗಂಭೀರವಾಗುತ್ತದೆ. ಸುಮಾರು ಹನ್ನೆರಡು ಸಾವಿರ ವರ್ಷಗಳ ಹಿಂದೆ ಐಸ್‌ಲೆಂಡ್ ದ್ವೀಪ ದಪ್ಪನಾದ ಹಿಮದ ಹೊದಿಕೆಯ ಕೆಳಗಿತ್ತು. ಹಿಮಯುಗ ಮುಗಿದು ಆ ಹೊದಿಕೆ ಕರಗಿದೊಡನೆ ಅಲ್ಲಿಯ ಜ್ವಾಲಾಮುಖಿಗಳು ಮೊದಲಿನ ಮೂವತ್ತು ಪಟ್ಟಿಗೂ ಹೆಚ್ಚು ಲಾವಾ ಕಾರಿದವೆಂದು ಭೂಗರ್ಭಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಕಾರಣ ಸರಳವಾಗಿದೆ. ಭೂಮಿಯ ಒಡಲಿನ ಬಂಡೆ ಕರಗುವಷ್ಟು ಕಾದಿದ್ದರೂ ಮೇಲಿನ ಭಾರ ಅದನ್ನು ಕರಗದಂತೆ ಅದುಮಿ ಹಿಡಿದಿರುತ್ತದೆ. ಭಾರ ಇಳಿದರೆ, ಬೆಟ್ಟದ ತುದಿಯಲ್ಲಿ ನೀರು ಬೇಗ ಕುದಿಯುವಂತೆ, ಬಂಡೆ ಬೇಗ ಕರಗುತ್ತದೆ. ಸ್ವೀಡನ್ನಿನ ಉತ್ತರದಲ್ಲಿ ಪಾರ್ವಿ ಎಂಬ 150 ಕಿಲೋಮೀಟರಿಗೂ ಉದ್ದನೆಯ ಬಿರುಕೊಂದಿದೆ. ಹಿಮದ ಹೊರೆ ಇಳಿದ ಮೇಲೆ ನೆಲ ಮೇಲೇಳುವಾಗ ಆದ ಭಾರಿ ಭೂಕಂಪದ ಗಾಯದ ಗುರುತು ಅದು. ಹಿಂದಿನ ಹಿಮ ಯಾರ ಕೈವಾಡವೂ ಇಲ್ಲದೆ ಕರಗಿತು. ಇಂದು ಐಸ್‌ಲೆಂಡಿನ ವತ್ನಯೋಕುಲ್ ಹಿಮರಾಶಿ ಕರಗಿ ಸುತ್ತಲಿನ ನೆಲ ವರ್ಷ ವರ್ಷವೂ ಕೆಲವು ಸೆಂಟಿಮೀಟರಿನಷ್ಟು ಏಳುತ್ತಿರುವುದರಲ್ಲಿ ನಮ್ಮ ಕಾರ್ಖಾನೆಗಳ ಮತ್ತು ಮೋಟಾರುಗಳ ಹೊಗೆಯ ಪಾಲಿದೆ. 2004ರಲ್ಲಿ ಅಲ್ಲಿಯ ಗ್ರಿಮ್ಸ್‌ವೋಟ್ನ್ ಜ್ವಾಲಾಮುಖಿಯ ಮೇಲಿನ ಹಿಮಸರೋವರ ಪ್ರವಾಹವಾಗಿ ಹರಿದು ಖಾಲಿಯಾಗುತ್ತಿದ್ದಂತೆ, ಆ ಭಾರ ಕಳೆದದ್ದೇ ನೆವವಾಗಿ ಜ್ವಾಲಾಮುಖಿ ಸಿಡಿಯಿತು.

ಚಂದ್ರ ದೂರದವನು, ಹಿಮವೂ ದೂರದ್ದು. ಕೊಯ್ನಾ ನಮ್ಮ ಬಗಲಲ್ಲಿದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ಅಥಣಿಗಳ ಹೊಳೆದಂಡೆಯವರಿಗೆ ಕೊಯ್ನಾ ಎಂದರೆ ಮಳೆಗಾಲದ ಕ್ಯೂಸೆಕ್ ಲೆಕ್ಕ. ಅಲ್ಲಿ ಬಾಗಿಲೆತ್ತಿದರೆ ಇಲ್ಲಿ ಸೇತುವೆ ಮುಳುಗುತ್ತದೆ. ಸಾತಾರಾ ಜಿಲ್ಲೆಯ ಸಹ್ಯಾದ್ರಿಯ ಮಡಿಲಲ್ಲಿ, ಕೃಷ್ಣೆಯ ಉಪನದಿಗೆ ಅಡ್ಡಲಾಗಿ ಕಟ್ಟಿದ 103 ಮೀಟರ್ ಎತ್ತರದ ಆ ಕಟ್ಟೆ ಸುಮಾರು 105 ಟಿ.ಎಂ.ಸಿ. ನೀರು ಹಿಡಿಯುತ್ತದೆ. ತೂಕದ ಲೆಕ್ಕದಲ್ಲಿ 280 ಕೋಟಿ ಟನ್ನಿಗೂ ಮೇಲೆ. ದಖ್ಖನ್ ಪ್ರಸ್ಥಭೂಮಿ ಅಲುಗದ ನೆಲವೆಂದು ಆಗ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಭೂಕಂಪದ ನಕ್ಷೆಯಲ್ಲಿಯೂ ಆ ಸೀಮೆಗೆ ಭಯವಿಲ್ಲವೆಂದೇ ಗುರುತು. 1962ರ ಹೊತ್ತಿಗೆ ನೀರು ನಿಲ್ಲತೊಡಗಿತು. ಹಿಂದೆಯೇ ಸಣ್ಣ ಸಣ್ಣ ಕಂಪನಗಳು ಮೊದಲಾದವು. ಕಂಪನಮಾಪಕಗಳನ್ನು ತಂದು ನೆಟ್ಟರು. ಮಾಪಕಗಳು ತಮ್ಮ ಕೆಲಸ ಮಾಡಿದವು: ಕಂಪನಗಳ ಕೇಂದ್ರ ಜಲಾಶಯದ ಸುತ್ತಲೇ ಇದೆಯೆಂದು ತೋರಿಸಿದವು. 1967ರ ಸೆಪ್ಟೆಂಬರ್ 13ರಂದು 5ಕ್ಕೂ ಮೇಲ್ಪಟ್ಟ ಪ್ರಮಾಣದ ಕಂಪನವಾಯಿತು. ಡಿಸೆಂಬರ್ 11ರ ಬೆಳಗಿನ ಜಾವ ನಾಲ್ಕು ಗಂಟೆ ದಾಟಿದಾಗ 6.3ರ ಪ್ರಮಾಣದ ಭೂಕಂಪ. ಸುಮಾರು 180 ಮಂದಿ ಸತ್ತರು. ಕೊಯ್ನಾನಗರದ ಕಲ್ಲಿನ ಮನೆಗಳು ಮಲಗಿದ್ದವರ ಮೇಲೆಯೇ ಬಿದ್ದವು. ಮುಂಬಯಿಯವರೆಗೂ ಜನ ಹಾಸಿಗೆಯಿಂದೆದ್ದರು. ಕಟ್ಟೆ ಬಿರುಕುಬಿಟ್ಟಿತಾದರೂ ನಿಂತಿತು; ಆಮೇಲೆ ಆನಿಕೆ ಕೊಟ್ಟು ಬಲಪಡಿಸಿದರು. ಅದು ಒಡೆದಿದ್ದರೆ ಕೆಳಗಿನ ಕಣಿವೆಯಲ್ಲಿ ಸತ್ತವರನ್ನು ಎಣಿಸುವವರು ಉಳಿಯುತ್ತಿರಲಿಲ್ಲ.

ನೆಲ ಐದು ವರ್ಷ ಬಾಗಿಲು ತಟ್ಟಿತ್ತು ಎಂಬುದನ್ನು ಓದುಗರು ಗಮನಿಸಬೇಕು. ಯಾರಿಗೂ ತಿಳಿದಿರಲಿಲ್ಲ ಎನ್ನುವಂತೆಯೂ ಇರಲಿಲ್ಲ. ಅಮೆರಿಕದ ಹೂವರ್ ಅಣೆಕಟ್ಟಿನ ಹಿಂದೆ 1935ರಿಂದ ಮೀಡ್ ಸರೋವರ ತುಂಬುತ್ತ ಬಂದಾಗ ಅಲ್ಲಿಯೂ ನೆಲ ನಡುಗಿತ್ತು. ನೀರಿಗೂ ಕಂಪನಕ್ಕೂ ಸಂಬಂಧವಿದೆಯೆಂದು ಕಾರ್ಡರ್ ಎಂಬ ವಿಜ್ಞಾನಿ 1945ರಲ್ಲಿಯೇ ಬರೆದಿದ್ದ. 1962ರಲ್ಲಿ ಚೀನದ ಶಿನ್‌ಫೆಂಗ್‌ಜಿಯಾಂಗ್, 1963ರಲ್ಲಿ ಆಫ್ರಿಕದ ಕರೀಬಾ, 1966ರಲ್ಲಿ ಗ್ರೀಸಿನ ಕ್ರೆಮಾಸ್ತಾ: ಮೂರೂ ಹೊಸ ಜಲಾಶಯಗಳು, ಮೂರೂ ಕಡೆ 6ಕ್ಕೆ ಮೇಲ್ಪಟ್ಟ ಭೂಕಂಪ. ಇಷ್ಟಾದರೂ 1967ರ ಅನಂತರ ನಮ್ಮಲ್ಲಿ ವರ್ಷಗಟ್ಟಲೆ ನಡೆದದ್ದು ಅಣೆಕಟ್ಟಿಗೂ ಭೂಕಂಪಕ್ಕೂ ಸಂಬಂಧ ಇದೆಯೋ ಇಲ್ಲವೋ ಎಂಬ ವಾದ. ಅಲ್ಲಿಯ ನೆಲ ಮಾತ್ರ ತನ್ನ ಸಾಕ್ಷ್ಯವನ್ನು ನಿಲ್ಲಿಸಲಿಲ್ಲ. ಅಂದಿನಿಂದ ಆ ಸಣ್ಣ ಪ್ರದೇಶದಲ್ಲಿಯೇ 5ರ ಪ್ರಮಾಣದ ಮತ್ತು ಅದಕ್ಕೂ ದೊಡ್ಡ ಕಂಪನಗಳು ಇಪ್ಪತ್ತಕ್ಕೂ ಹೆಚ್ಚು ಆಗಿವೆ. 1985ರಲ್ಲಿ ಪಕ್ಕದ ವಾರಣಾ ಜಲಾಶಯ ತುಂಬತೊಡಗಿತು. 1993ರ ಹೊತ್ತಿಗೆ ಕಂಪನಗಳು ಅತ್ತ ಕಡೆಗೂ ಹಬ್ಬಿದವು.

ನೀರು ಇದನ್ನು ಹೇಗೆ ಮಾಡುತ್ತದೆ? ತೂಕದಿಂದ ಎಂದು ಸಾಮಾನ್ಯವಾಗಿ ಹೇಳುತ್ತೇವೆ. ತೂಕದ ಪಾತ್ರವಿದೆ, ಆದರೆ ಹಲವು ಕಿಲೋಮೀಟರ್ ಬಂಡೆಯ ಭಾರದೆದುರು ನೂರು ಮೀಟರ್ ನೀರಿನ ಭಾರ ಏನು ಮಹಾ? ಇನ್ನು ಕೆಲವರು, ನೀರು ಬಿರುಕಿಗಿಳಿದು ಎಣ್ಣೆಯಂತೆ ಜಾರಿಸುತ್ತದೆ ಎನ್ನುತ್ತಾರೆ. ಅದೂ ಪೂರ್ತಿ ಸರಿಯಲ್ಲ. ಒಂದು ಪ್ರಯೋಗವನ್ನು ಓದುಗರು ನಾಳೆ ಬೆಳಗ್ಗೆಯೇ ಮಾಡಿ ನೋಡಬಹುದು. ಬಿಸಿ ಕಾಫಿ ತುಂಬಿದ ಲೋಟವನ್ನು ನೀರು ಚೆಲ್ಲಿದ ನುಣುಪಾದ ಮೇಜಿನ ಮೇಲಿಡಿ. ಒಮ್ಮೊಮ್ಮೆ ಯಾರೂ ಮುಟ್ಟದಿದ್ದರೂ ಅದು ತನ್ನಷ್ಟಕ್ಕೆ ತಾನು ಜಾರಿಕೊಂಡು ಹೋಗುತ್ತದೆ. ಮಕ್ಕಳು ದೆವ್ವವೆಂದು ಕಿರುಚುತ್ತಾರೆ. ಲೋಟದ ತಳದಲ್ಲಿ ಸಿಕ್ಕಿಬಿದ್ದ ಗಾಳಿ ಬಿಸಿಯಾಗಿ ಹಿಗ್ಗಿ ಲೋಟದ ಭಾರದ ಒಂದು ಪಾಲನ್ನು ತಾನೇ ಹೊತ್ತುಕೊಳ್ಳುತ್ತದೆ. ಲೋಟ ಮೇಜನ್ನು ಒತ್ತುವುದು ಕಡಿಮೆಯಾಗುತ್ತದೆ. ಮೇಜು ಎಳ್ಳಷ್ಟು ವಾಲಿದ್ದರೂ ಸಾಕು, ಜಾರುತ್ತದೆ. ನೆಲದೊಳಗೆ ನಡೆಯುವುದು ಇದೇ ಬಗೆಯ ಆಟ. ಜಲಾಶಯದ ಒತ್ತಡ ಬಿರುಕುಗಳ ನೀರಿನ ಮೂಲಕ ಕಿಲೋಮೀಟರುಗಟ್ಟಲೆ ಆಳಕ್ಕೆ ಮೆಲ್ಲಗೆ ಇಳಿಯುತ್ತದೆ. ಒಂದನ್ನೊಂದು ಬಿಗಿಯಾಗಿ ಅಮುಕಿಕೊಂಡಿದ್ದ ಎರಡು ಹೋಳುಗಳನ್ನು ಒಳಗಿನಿಂದ ಒತ್ತುತ್ತದೆ. ಹಿಡಿತ ಸಡಿಲಿ, ಜಾರಲು ಕಾದಿದ್ದ ಹೋಳು ಜಾರುತ್ತದೆ. ಆ ಒತ್ತಡ ಇಳಿಯಲು ಕಾಲ ಬೇಕು. ಆದ್ದರಿಂದಲೇ ಮಳೆ ನಿಂತು ಜಲಾಶಯ ಶಾಂತವಾಗಿ ಕಾಣುವ ಸೆಪ್ಟೆಂಬರ್, ಡಿಸೆಂಬರುಗಳಲ್ಲಿ ಕೊಯ್ನಾ ಹೆಚ್ಚು ನಡುಗುತ್ತದೆ. ಈಚೆಗೆ ಅಲ್ಲಿ 3 ಕಿಲೋಮೀಟರ್ ಆಳದ ಪ್ರಾಯೋಗಿಕ ಕೊಳವೆಬಾವಿ ಕೊರೆದು ನೋಡಿದ್ದಾರೆ. ಒಂದೂಕಾಲು ಕಿಲೋಮೀಟರಿನಷ್ಟು ಕಪ್ಪುಕಲ್ಲು. ಅದರಡಿಯಲ್ಲಿ ಬಿರುಕುಬಿಟ್ಟ, ಬಿಗಿದುಕೊಂಡ, ನೀರು ಹೊಕ್ಕ ಹಳೆಯ ಗ್ರಾನೈಟ್ ಜಾತಿಯ ಬಂಡೆ.

ಇದೆಲ್ಲ ಊಹೆಯಿರಬಹುದಲ್ಲ ಎನ್ನುವವರಿಗೆ ಅಮೆರಿಕದ ಕೊಲರಾಡೋದ ಕಥೆ ಸಾಕು. ಡೆನ್ವರ್ ಬಳಿ ಸೈನ್ಯದ ಒಂದು ಆಯುಧಾಗಾರವಿತ್ತು. ಅದರ ವಿಷದ ಕೊಳೆನೀರನ್ನು ಎಲ್ಲಿ ಚೆಲ್ಲುವುದೆಂದು ತಿಳಿಯದೆ 3671 ಮೀಟರ್ ಆಳದ ಬಾವಿ ಕೊರೆದು 1962ರಿಂದ ಅದರೊಳಗೆ ಒತ್ತಿ ತುಂಬತೊಡಗಿದರು. ನಡುಕವೇ ಅಪರೂಪವಾಗಿದ್ದ ಊರು ನಡುಗತೊಡಗಿತು. ಡೇವಿಡ್ ಎವನ್ಸ್ ಎಂಬ ಭೂಗರ್ಭಶಾಸ್ತ್ರಜ್ಞ ಬಾವಿಗೆ ಬಿಟ್ಟ ನೀರಿನ ಲೆಕ್ಕವನ್ನೂ ಕಂಪನಗಳ ಲೆಕ್ಕವನ್ನೂ ಅಕ್ಕಪಕ್ಕ ಬರೆದು 1965ರಲ್ಲಿ ಜನರ ಮುಂದಿಟ್ಟ. ನೀರು ಹೆಚ್ಚಿದ ತಿಂಗಳುಗಳಲ್ಲಿ ಕಂಪನವೂ ಹೆಚ್ಚು. 1966ರಲ್ಲಿ ಬಾವಿ ಮುಚ್ಚಿದರು. ಆದರೂ ಆಳಕ್ಕಿಳಿದ ಒತ್ತಡ ಹರಡುತ್ತಲೇ ಹೋಗಿ, ಅತ್ಯಂತ ದೊಡ್ಡ ಕಂಪನ ಮರುವರ್ಷ ಬಂತು. ನಲ್ಲಿ ತಿರುಗಿಸಿದೊಡನೆ ಎಲ್ಲ ನಿಲ್ಲುವುದಿಲ್ಲ ಎಂಬುದನ್ನೂ ಇದು ಕಲಿಸಿತು. ಮುಂದೆ, 1969ರಿಂದ 1973ರವರೆಗೆ, ಅದೇ ಸಂಸ್ಥಾನದ ರೇಂಜ್‌ಲಿ ಎಂಬ ಎಣ್ಣೆಬಾವಿಗಳ ಸೀಮೆಯಲ್ಲಿ ವಿಜ್ಞಾನಿಗಳು ಬೇಕೆಂದೇ ಪ್ರಯೋಗ ಮಾಡಿದರು. ನೀರನ್ನು ಒತ್ತಿದರು, ಇಂತಿಷ್ಟು ಒತ್ತಡ ದಾಟಿದರೆ ಕಂಪನವಾಗಬೇಕೆಂದು ಮೊದಲೇ ಲೆಕ್ಕ ಹಾಕಿದ್ದರು, ಆಯಿತು. ನೀರನ್ನು ಹಿಂದಕ್ಕೆ ಸೆಳೆದರು, ನಿಂತಿತು. ದೀಪದ ಗುಂಡಿ ಒತ್ತಿದಂತೆ.

ಈಗ ಇಂಜಿನಿಯರ್ ಸಾಹೇಬರ 'ನಿಮಿತ್ತ ಮಾತ್ರ'ಕ್ಕೆ ಬರುತ್ತೇನೆ. ಮಾತು ವೈಜ್ಞಾನಿಕವಾಗಿ ಸರಿ. ಕೊಯ್ನಾದ ನೀರು ಆ ಶಕ್ತಿಯನ್ನು ಹುಟ್ಟಿಸಲಿಲ್ಲ. ಭೂಮಿಯೇ ಯುಗಯುಗಗಳಿಂದ ಕೂಡಿಟ್ಟಿತ್ತು. ಅದು ಬಿಡುಗಡೆಯಾಗಲು ನೀರು ನೆವವಾಯಿತು. ಆದರೆ 'ಮಾತ್ರ' ಎಂಬ ಆ ಎರಡಕ್ಷರ ವಿಜ್ಞಾನದಲ್ಲಿಲ್ಲ. ಅದು ಕಚೇರಿಯ ಕಡತದಿಂದ ಬಂದದ್ದು. ನಮ್ಮ ವೇದಾಂತದ ಪಾಠದಲ್ಲಿ ಮಡಕೆಗೆ ಎರಡು ಕಾರಣ ಹೇಳುತ್ತಾರೆ: ಮಣ್ಣು ಉಪಾದಾನ, ಕುಂಬಾರ ನಿಮಿತ್ತ. ಸಂತೆಯಲ್ಲಿ ಕೊಂಡ ಮಡಕೆ ಸೋರಿದರೆ ನಾವು ಜಗಳಕ್ಕೆ ಹೋಗುವುದು ಮಣ್ಣಿನ ಹತ್ತಿರಕ್ಕಲ್ಲ, ಕುಂಬಾರನ ಹತ್ತಿರಕ್ಕೆ. ನಿಮಿತ್ತವಾದವನಿಗೇ ಕೈಯಿದೆ, ಬಾಯಿಯಿದೆ. ಬೇರೆ ರೀತಿ ಮಾಡುವ ಶಕ್ತಿಯಿದೆ. "ಬಂದೂಕಿಗೆ ಮದ್ದು ಮೊದಲೇ ತುಂಬಿತ್ತು ಸ್ವಾಮಿ, ನಾನು ಕುದುರೆ ಎಳೆದೆ ಅಷ್ಟೆ" ಎಂದವನನ್ನು ಯಾವ ನ್ಯಾಯಾಲಯ ಬಿಟ್ಟುಕಳಿಸುತ್ತದೆ? "ಎಂದಿದ್ದರೂ ಆಗುತ್ತಿತ್ತು" ಎಂಬ ಸಮಾಧಾನವೂ ಹಾಗೆಯೇ. ಬಹುಶಃ ನೂರು ವರ್ಷದ ಮೇಲೆ ಆಗುತ್ತಿತ್ತು, ಬಹುಶಃ ಸಾವಿರ ವರ್ಷದ ಮೇಲೆ. ಕೊಲೆಯಾದವನೂ ಎಂದಿದ್ದರೂ ಸಾಯುವವನೇ ಆಗಿದ್ದ. ಅಂದು ಕೊಯ್ನಾನಗರದಲ್ಲಿ ತೊಟ್ಟಿಲಲ್ಲಿದ್ದ ಕೂಸಿಗೆ ಈ ಭೂವೈಜ್ಞಾನಿಕ ಅನಿವಾರ್ಯತೆಯನ್ನು ವಿವರಿಸುವವರು ಯಾರು?

ಇಷ್ಟು ಕಟುವಾಗಿ ಬರೆದ ಮೇಲೆ ನಾನು ಅಣೆಕಟ್ಟುಗಳ ವೈರಿಯೆಂದು ಯಾರಾದರೂ ತಿಳಿದರೆ ಅವರ ತಪ್ಪಲ್ಲ. ಆದರೆ ನಾನು ಅಂಥವನಲ್ಲ. ಈ ಲೇಖನ ಬರೆಯುತ್ತಿರುವ ದೀಪ ಯಾವ ನದಿಯದೋ ಕಾಣೆ, ಕುಡಿದ ನೀರಂತೂ ಕಾವೇರಿಯದು. ಜಗತ್ತಿನಲ್ಲಿ ಸಾವಿರಾರು ದೊಡ್ಡ ಜಲಾಶಯಗಳಿವೆ. ನೆಲ ನಡುಗಿಸಿದವೆಂದು ಗುರುತಾದವು ನೂರಕ್ಕೆ ಸ್ವಲ್ಪ ಮೇಲೆ. ನೀರು ಯಾವಾಗಲೂ ಬಿಚ್ಚುವುದೇ ಅಲ್ಲ, ಕೆಲವೆಡೆ ಬಿಗಿಯುವುದೂ ಉಂಟು. ನೇಪಾಳದ ಹಿಮಾಲಯದಲ್ಲಿ ಸಣ್ಣ ಕಂಪನಗಳು ಚಳಿಗಾಲದಲ್ಲಿ ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ಗಂಗೆಯ ಬಯಲಿನ ಮೇಲೆ ನಿಂತ ಮುಂಗಾರಿನ ನೀರಿನ ಭಾರ ಅಲ್ಲಿಯ ಬಿರುಕನ್ನು ಆ ಕೆಲವು ತಿಂಗಳು ಹಿಡಿದಿಡುತ್ತದೆ. ಅಣೆಕಟ್ಟೇ ಬೇಕೆಂದೂ ಇಲ್ಲ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಮೇಲಿಂದ ಮೇಲೆ ಬಂದ ಕಂಪನಗಳಿಗೆ ಹೆದರಿ ಮನೆ ಬಿಟ್ಟು ಬಯಲಲ್ಲಿ ಮಲಗಿದರು; ಭಾರಿ ಮಳೆಯ ನೀರು ಬಂಡೆಯ ಸೀಳುಗಳಿಗೆ ಇಳಿದದ್ದೇ ನೆವವಿರಬೇಕೆಂದು ಅಧಿಕಾರಿಗಳು ಹೇಳಿದರು. ಮಳೆಯನ್ನು ಯಾರೂ ಕಟಕಟೆಗೆ ಕರೆಯಲಾಗದು. ಅಲ್ಲಿ ಕೇಳಬೇಕಾದದ್ದು ಮನೆಗಳ ಗೋಡೆಯ ಮಾತು: ಕಿಲ್ಲಾರಿಯಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜನರನ್ನು ಕೊಂದದ್ದು ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆ, ಮೇಲಿನ ಮಾಳಿಗೆಯ ಮಣ್ಣು. ಅಂಥ ಗೋಡೆಗಳು ಗಡಿಯ ಈಚೆಗೂ ಬೇಕಾದಷ್ಟಿವೆ.

ಅಣೆಕಟ್ಟಿನ ನೀರು ಮಳೆಯಂತಲ್ಲ. ಅದಕ್ಕೆ ಬಾಗಿಲಿದೆ, ಬಾಗಿಲಿಗೆ ಕೀಲಿಯಿದೆ, ಕೀಲಿಗೆ ಒಬ್ಬ ಅಧಿಕಾರಿಯಿದ್ದಾನೆ. ನಮ್ಮ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಹರ್ಷ ಗುಪ್ತ ಅವರು ಕೊಯ್ನಾದ ದಾಖಲೆಗಳನ್ನು ದಶಕಗಳ ಕಾಲ ತಿರುವಿ ಹಾಕಿ ಹೇಳಿದ್ದು ಇದನ್ನೇ: ನೀರು ಎಷ್ಟು ವೇಗದಲ್ಲಿ ಏರುತ್ತದೆ, ಹಿಂದಿನ ಅತಿ ಹೆಚ್ಚಿನ ಮಟ್ಟವನ್ನು ಮೀರುತ್ತದೆಯೆ, ಮೇಲಿನ ಮಟ್ಟದಲ್ಲಿ ಎಷ್ಟು ಕಾಲ ನಿಲ್ಲುತ್ತದೆ, ಇವೆಲ್ಲ ಮುಖ್ಯ. ವಾರಕ್ಕೆ 12 ಮೀಟರಿನ ಏರಿಕೆಯಿದ್ದ ವರ್ಷಗಳಲ್ಲಿಯೇ ದೊಡ್ಡ ಕಂಪನಗಳು ಬಂದುದನ್ನು ಅವರು 1983ರಲ್ಲಿ ತೋರಿಸಿದರು. ಹಾಗೆ ಏರಿದಾಗಲೆಲ್ಲ ಕಂಪನವಾಗುತ್ತದೆಂದು ಇದರ ಅರ್ಥವಲ್ಲ. ಆದರೂ ಇವು ಮನುಷ್ಯನ ಕೈ ಹೋಗುವ ಅಂಕಿಗಳು. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ವಿಚಾರದಲ್ಲಿ ನಾವು ವರ್ಷಗಟ್ಟಲೆ ಹೋರಾಡಿದ್ದೇವೆ: ಯಾರಿಗೆ ಎಷ್ಟು ನೀರು, ಎಷ್ಟು ಊರು ಮುಳುಗಡೆ, ಎಕರೆಗೆ ಎಷ್ಟು ಪರಿಹಾರ. ಎಲ್ಲ ನ್ಯಾಯವಾದ ಪ್ರಶ್ನೆಗಳೇ. ಅಲ್ಲಿ ನೆಲ ನಡುಗುತ್ತದೆಂದು ನಾನು ಹೇಳುತ್ತಿಲ್ಲ. ಹೇಳಲು ನನ್ನಲ್ಲಿ ಆಧಾರವಿಲ್ಲ. ಹಿಂದಿನ ಮಟ್ಟವನ್ನು ಮೀರುವ ಯಾವ ಜಲಾಶಯದ ವಿಷಯದಲ್ಲಿಯೂ ಈ ಪ್ರಶ್ನೆ ಪಟ್ಟಿಯಲ್ಲಿರಬೇಕಲ್ಲವೆ ಎಂದಷ್ಟೆ ಕೇಳುತ್ತೇನೆ.

ನಾನು ಬೇಡುವುದು ದೊಡ್ಡದಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ 30 ಮೀಟರಿಗೂ ಎತ್ತರದ ಕಟ್ಟೆಗಳ ಬಳಿ ಕಂಪನ ದಾಖಲಿಸುವ ಕೇಂದ್ರ ಇರಬೇಕೆಂದು ವಿಧಿಸುತ್ತದೆ. ಒಳ್ಳೆಯದು. ದಾಖಲೆಯಾದದ್ದು ಕಟ್ಟೆಯ ಕೆಳಗೆ ಮಲಗುವವರಿಗೆ ತಿಳಿಯಬೇಡವೆ? ಮಳೆಗಾಲ ಬಂತೆಂದರೆ ದಿನಪತ್ರಿಕೆಯ ಒಂದು ಮೂಲೆಯಲ್ಲಿ ಪುಟ್ಟ ಕೋಷ್ಟಕವೊಂದು ಬರುತ್ತದೆ. ಮಾರುಕಟ್ಟೆಯ ಧಾರಣೆಗಿಂತ ಮೊದಲು ಜನ ಅದನ್ನು ಓದುತ್ತಾರೆ: ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು, ಕಳೆದ ವರ್ಷ ಇದೇ ದಿನ. ಅದರ ಪಕ್ಕದಲ್ಲಿ ಇನ್ನೊಂದು ಕಿರಿದಾದ ಕಾಲಂ ಹಾಕಲು ಜಾಗವಿದೆ. 'ಈ ವಾರ ದಾಖಲಾದ ಕಂಪನಗಳು' ಎಂದು ತಲೆಬರಹ ಕೊಡಬಹುದು. ಬಹುಪಾಲು ಕಟ್ಟೆಗಳ ಎದುರು ಬಹುಪಾಲು ವಾರ ಸೊನ್ನೆಯೇ ಇರುತ್ತದೆ. ಸೊನ್ನೆಯನ್ನು ಅಚ್ಚು ಹಾಕುವುದಕ್ಕೆ ಯಾರ ಅಡ್ಡಿಯೂ ಇರಬಾರದು. ಸೊನ್ನೆ ಒಂದಾಗಿ, ಒಂದು ಹತ್ತಾದ ವಾರ, ರಾಯರು ಪಂಚಾಂಗ ತೆಗೆಯುವ ಮೊದಲೇ ಇಂಜಿನಿಯರ್ ಸಾಹೇಬರ ಕಚೇರಿಗೆ ಯಾರಾದರೂ ಹೋಗಿ, ಈ ವಾರ ನೀರು ಎಷ್ಟು ಮೀಟರ್ ಏರಿಸಿದಿರಿ ಎಂದು ಕೇಳಬಹುದು.